ಹಗೇವಿನ ಉಸಿರು

ಗೋಕಾಕದ ಒಂದು ಹೆಣ್ಣುಮಕ್ಕಳ ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಇಪ್ಪತ್ತು ವರ್ಷ ಮೇಲಾಯಿತು. ಪ್ರತಿ ವರ್ಷ ಉಸಿರಾಟದ ಪಾಠ ಬಂದಾಗ ‘ಮೈಟೊಕಾಂಡ್ರಿಯ ಎಂದರೇನು?’ ಎಂದು ಕೇಳುತ್ತೇನೆ. ಇಡೀ ತರಗತಿ ಒಂದೇ ದನಿಯಲ್ಲಿ ‘ಜೀವಕೋಶದ ಶಕ್ತಿಕೇಂದ್ರ’ ಎಂದು ಕೂಗುತ್ತದೆ. ಆ ಉತ್ತರ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ತಪ್ಪು ಉತ್ತರವಲ್ಲ, ಸರಿಯಾದದ್ದೇ. ಆದರೆ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿ ಕೈ ತೊಳೆದುಕೊಳ್ಳುತ್ತಾರೆ. ಆ ಶಕ್ತಿ ಎಲ್ಲಿಂದ ಬಂತು, ಯಾತಕ್ಕೆ ಬೇಕು, ಒಂದು ಗಳಿಗೆ ನಿಂತರೆ ಏನಾಗುತ್ತದೆ ಎಂದು ಕೇಳಿ ನೋಡಿ, ಒಬ್ಬರೂ ಬಾಯಿ ಬಿಡುವುದಿಲ್ಲ. ‘ತಲ್ಯಾಗ ಏನ್ ಹೊಟ್ಟು ತುಂಬ್ಕೊಂಡೀರೇನು?’ ಎಂದು ಬೈಯುತ್ತಿದ್ದೆ. ಈಗ ಬೈಯುವುದನ್ನು ಬಿಟ್ಟಿದ್ದೇನೆ. ಬರೀ ಬಾಯಿಪಾಠ ಮಾಡಿದವರು ಅವರಷ್ಟೇ ಅಲ್ಲ ಎಂಬುದು ನನ್ನ ತವರುಮನೆಯ ಅಂಗಳದಲ್ಲಿ ನನಗೆ ಗೊತ್ತಾಯಿತು.

ನನ್ನ ತವರು ಮೂಡಲಗಿ ದಾಟಿ ಒಳರಸ್ತೆಯಲ್ಲಿರುವ ಒಂದು ಹಳ್ಳಿ. ಮನೆಯಲ್ಲಿ ಅವ್ವ, ಅಣ್ಣ, ವೈನಿ, ಮೂರೇ ಮಂದಿ. ವೈನಿ ಎಂದರೆ ಅಣ್ಣನ ಹೆಂಡತಿ, ಹುಕ್ಕೇರಿಯವರು. ಸುತ್ತ ಎಲ್ಲರೂ ಕಬ್ಬು ಹಚ್ಚಿದರೆ ಅಣ್ಣ ಮಾತ್ರ ಎರಡು ಎಕರೆ ಎರೆಹೊಲವನ್ನು ಜೋಳಕ್ಕೆ ಬಿಟ್ಟಿದ್ದ. ಹಟ ಅವನದಲ್ಲ, ಅವ್ವನದು. ಚೀಲದಲ್ಲಿಟ್ಟ ಜೋಳಕ್ಕೆ ನುಸಿ ಹತ್ತುತ್ತದೆ, ನುಸಿಗೆಂದು ಗುಳಿಗೆ ಇಟ್ಟರೆ ರೊಟ್ಟಿಗೆ ಔಷಧದ ವಾಸನೆ ಬರುತ್ತದೆ, ಹಗೇವಿನ ಜೋಳದ ರೊಟ್ಟಿ ತಿಂದು ಸಾಯುತ್ತೇನೆ ಎಂದು ಅವ್ವ ದಿನಾ ರಾಗ ಎಳೆಯುತ್ತಿದ್ದಳು. ಕೇಳಿ ಕೇಳಿ ಬೇಸತ್ತು ಅಣ್ಣ ಒಂದು ಬೇಸಿಗೆಯಲ್ಲಿ ಅಂಗಳದ ಹಳೆಯ ಹಗೇವನ್ನು ತೆರೆಸಿದ.

ಹಗೇವು ನೋಡದವರಿಗೆ ಹೇಳುತ್ತೇನೆ. ಅದು ಕಾಳು ತುಂಬಿಡಲು ನೆಲದಲ್ಲಿ ತೋಡಿದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ಗಡಿಗೆಯ ಹಾಗೆ ಅಗಲ. ತಳದಲ್ಲಿ ನಿಂತು ಕೈ ಎತ್ತಿದರೂ ಬಾಯಿ ಸಿಗುವುದಿಲ್ಲ. ಇಳಿಯಲು ಗೋಡೆಯಲ್ಲಿ ಕಾಲಿಡುವ ಗೂಡುಗಳಿರುತ್ತವೆ. ಕೆಳಗೆ, ಸುತ್ತ, ದಂಟು ಹೊಟ್ಟು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳಿಗೆ ನುಸಿ ಹತ್ತುವುದಿಲ್ಲ. ನುಸಿಗೂ ಉಸಿರು ಬೇಕಲ್ಲ, ಒಳಗೆ ಅದು ಸಿಗುವುದಿಲ್ಲ.

ಯಾಕೆ ಸಿಗುವುದಿಲ್ಲ ಎಂದು ಅಣ್ಣನಿಗೆ ಫೋನಿನಲ್ಲಿ ಅರ್ಧ ತಾಸು ಪಾಠ ಮಾಡಿದವಳು ನಾನೇ. ಒಣಗಿದ ಕಾಳು ಸತ್ತ ಕಾಳಲ್ಲ, ಅದು ಜೀವಂತ ಇರುತ್ತದೆ, ತನ್ನೊಳಗಿನ ಹಿಟ್ಟನ್ನು ತಾನೇ ಚೂರು ಚೂರು ತಿಂದು, ಗಾಳಿಯಲ್ಲಿನ ಆಮ್ಲಜನಕ ತೆಗೆದುಕೊಂಡು, ಇಂಗಾಲದ ಡೈಆಕ್ಸೈಡ್ ಬಿಡುತ್ತ ಕೂತಿರುತ್ತದೆ ಎಂದು ಹೇಳಿದೆ. ಅವನು ನನ್ನನ್ನು ಕಾಡಿಸುವಾಗ ಹೆಸರು ಹಿಡಿಯುತ್ತಿರಲಿಲ್ಲ, ಸಾಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಕರೆಯುವಂತೆ ‘ಅಕ್ಕೋರ’ ಎನ್ನುತ್ತಿದ್ದ. ವೈನಿ ಮಾತ್ರ ಗೌರವದಿಂದಲೇ ಹಾಗೆ ಕರೆಯುತ್ತಿದ್ದರು.

‘ಅಕ್ಕೋರ, ಜ್ವಾಳ ಉಸರಾಡತೈತಿ ಅಂದ್ರ ಗೊರಕಿನೂ ಹೊಡೀತೈತೇನು?’

‘ನಿನ್ನಂಗ ಹೊಡ್ಯಾಂಗಿಲ್ಲ ಬಿಡು’ ಎಂದೆ. ಇಬ್ಬರೂ ನಕ್ಕೆವು.

ಆ ಬೇಸಿಗೆ ತುಂಬಿದ ಜೋಳವನ್ನು ಮುಂದಿನ ಯುಗಾದಿಗೆ ಅರ್ಧ ತೆಗೆದು ಮತ್ತೆ ಮುಚ್ಚಿದರು. ಅಲ್ಲಿಗೆ ಹಗೇವಿನ ಅರ್ಧ ಹೊಟ್ಟೆ ಖಾಲಿ. ಆ ವರ್ಷ ಮಳೆ ಜೋರಾಯಿತು. ಧುಪದಾಳದ ಒಡ್ಡಿನ ಮೇಲೆ ಘಟಪ್ರಭೆ ಕೆಂಪಾಗಿ ಹರಿದಳು, ನಮ್ಮ ಅಂಗಳದಲ್ಲಿ ಎರಡು ದಿನ ನೀರು ನಿಂತಿತು. ಒಳಗೆ ತೇವ ಇಳಿದಿರಬೇಕು, ಉಳಿದ ಜೋಳ ತೆಗೆದುಬಿಡುತ್ತೇನೆ ಎಂದು ಅಣ್ಣ ಫೋನು ಮಾಡಿದ. ನಾನು ರವಿವಾರ ಬರುತ್ತೇನೆ, ತಡೆ ಎಂದೆ. ಕಾಲೇಜಿನಲ್ಲಿ ಆ ವಾರವೇ ಉಸಿರಾಟದ ಪಾಠ. ತೇವ ಹತ್ತಿದ ಕಾಳನ್ನು ಬಾಟಲಿಯಲ್ಲಿ ಹಾಕಿ, ಅದರ ಗಾಳಿಯನ್ನು ಸುಣ್ಣದ ತಿಳಿನೀರಿಗೆ ಬಿಟ್ಟು, ನೀರು ಹಾಲಿನ ಹಾಗೆ ಬೆಳ್ಳಗಾಗುವುದನ್ನು ತೋರಿಸುವುದು ನನ್ನ ಪ್ರಯೋಗ. ಪೇಟೆಯ ಹೆಸರುಕಾಳಿಗಿಂತ ಮನೆಯ ಜೋಳವಾದರೆ ಹುಡುಗಿಯರಿಗೆ ನಾಟುತ್ತದೆ ಎಂದುಕೊಂಡಿದ್ದೆ.

ಹಗೇವು ತೆಗೆಯಲು ಒಂದು ಪದ್ಧತಿಯಿದೆ. ಕಲ್ಲು ಸರಿಸಿ ಒಂದು ದಿನ ಬಾಯಿ ತೆರೆದಿಡಬೇಕು. ಮರುದಿನ ದೀಪ ಹಚ್ಚಿ ಹಗ್ಗದಲ್ಲಿ ಕೆಳಗೆ ಬಿಡಬೇಕು. ದೀಪ ಉರಿದರೆ ಇಳಿಯಬೇಕು, ಆರಿದರೆ ಇಳಿಯಬಾರದು. ಇಷ್ಟೇ. ಇದನ್ನು ಮಾಡಿದವರು ಯಾವ ಪಿಯು ಓದಿದ್ದರೋ ಗೊತ್ತಿಲ್ಲ, ಆದರೆ ನನ್ನ ಪುಸ್ತಕದ ಸಾರವೆಲ್ಲ ಅದರಲ್ಲಿತ್ತು. ದೀಪವೂ ಜೀವಕೋಶವೂ ಮಾಡುವುದು ಒಂದೇ ಕೆಲಸ. ದೀಪ ಎಣ್ಣೆಯನ್ನು ಭಗ್ಗೆಂದು ಸುಡುತ್ತದೆ, ಕೋಶ ಸಕ್ಕರೆಯನ್ನು ಹಂತ ಹಂತವಾಗಿ, ಸದ್ದಿಲ್ಲದೆ ಸುಡುತ್ತದೆ. ಎರಡಕ್ಕೂ ಬೇಕಾದ ಗಾಳಿ ಒಂದೇ. ದೀಪಕ್ಕೆ ಸಾಲದ ಕಡೆ ಮನುಷ್ಯ ನಿಲ್ಲುವಂತಿಲ್ಲ.

ಅಣ್ಣ ಶನಿವಾರವೇ ಕಲ್ಲು ಸರಿಸಿಟ್ಟಿದ್ದ. ನಾನು ರವಿವಾರ ಮುಂಜಾನೆ ಗೋಕಾಕದ ಬಸ್ಸಿನಲ್ಲಿ ಬಂದಿಳಿದೆ. ಶ್ರಾವಣದ ಗಾಳಿ, ನಿಂತವರ ಸೆರಗು ನಿಲ್ಲುತ್ತಿರಲಿಲ್ಲ. ಮನೆಯಲ್ಲೊಂದು ಕಂದೀಲು ಇತ್ತು, ಆದರೆ ಗಾಜು ಒಡೆದಿತ್ತು, ಸೀಮೆಎಣ್ಣೆಯಂತೂ ಈಗ ಎಲ್ಲಿ ಸಿಗಬೇಕು? ವೈನಿ ಒಂದು ಪಣತಿಗೆ ಎಣ್ಣೆ ಹಾಕಿ, ದಪ್ಪ ಬತ್ತಿ ಹೊಸೆದು, ಸಣ್ಣ ಡಬ್ಬಿಯಲ್ಲಿಟ್ಟು ಹಗ್ಗ ಕಟ್ಟಿ ತಂದರು. ಹಚ್ಚಿದರು, ಗಾಳಿಗೆ ಆರಿತು. ಸೆರಗು ಅಡ್ಡ ಹಿಡಿದು ಮತ್ತೆ ಹಚ್ಚಿದರು, ಮತ್ತೆ ಆರಿತು. ಮೂರನೆಯ ಸಲ ಅಣ್ಣ ಅಂಗಿ ಬಿಚ್ಚಿ ಮರೆ ಹಿಡಿದ. ದೀಪ ಹಗೇವಿನ ಬಾಯಿ ದಾಟಿ ಕೆಳಗೆ ಇಳಿಯಿತು. ಒಂದು ಆಳುದ್ದ ಇಳಿಯುವುದರೊಳಗೆ ಪಟ್ಟನೆ ಹೋಯಿತು.

‘ಹೋತಲ್ರಿ’ ಎಂದರು ವೈನಿ.

‘ಗಾಳೀಗಿ ಆರೇತ್ರಿ’ ಎಂದೆ ನಾನು.

‘ಕೆಳಗ ಹೋದಮ್ಯಾಲ ಆರೇತ್ರಿ ಅಕ್ಕೋರ. ಅಲ್ಲಿ ಎಲ್ಲಿ ಗಾಳಿ?’

ಈ ಮಾತು ಈಗಲೂ ದಿನಾ ನನ್ನ ಕಿವಿಯಲ್ಲಿ ಕೇಳುತ್ತದೆ. ಕೆಳಗೆ ಎಲ್ಲಿ ಗಾಳಿ. ಏಳನೆಯ ಈಯತ್ತೆ ಕಲಿತ ಹೆಂಗಸು ಕೇಳಿದ ಪ್ರಶ್ನೆ. ಎಂಎಸ್ಸಿ ಮಾಡಿದ ನನಗೆ ಆಗ ತಲೆಯಲ್ಲಿ ಇದ್ದದ್ದು ಒಂದೇ, ಸಂಜೆ ನಾಲ್ಕರ ಬಸ್ಸು. ‘ಎಷ್ಟ್ ಸಲ ಹಚ್ಚೂದ್ರಿ ವೈನಿ? ದಿನಪೂರಾ ಇಲ್ಲೇ ಕುಂಡ್ರೂನೇನು? ನಿನ್ನಿಂದ ಬಾಯಿ ತೆರದೈತಿ, ಏನಾಗಾಂಗಿಲ್ಲ. ಬ್ಯಾಟ್ರಿ ಬಿಡ್ರಿ, ಛಲೋ ಕಾಣತೈತಿ.’

ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುತ್ತಾರೆ. ಅಣ್ಣ ಹೊಲಕ್ಕೆ ಒಯ್ಯುವ ದೊಡ್ಡ ಚಾರ್ಜಿಂಗ್ ಬ್ಯಾಟರಿಯನ್ನು ಹಗ್ಗಕ್ಕೆ ಕಟ್ಟಿ ಬಿಟ್ಟ. ಒಳಗೆಲ್ಲ ಬೆಳ್ಳಂಬೆಳಕು. ಕಟ್ಟೆಯ ಮೇಲೆ ಕೂತಿದ್ದ ಅವ್ವನಿಗೂ ಸಮಾಧಾನವಾಯಿತು. ನಾನು ಬಗ್ಗಿ ನೋಡಿದೆ. ಗೋಡೆಯ ಅಂಚಿಗೆ ಜೋಳ ಮೊಳಕೆಯೊಡೆದು ಬಿಳಿ ಬೇರು ಬಿಟ್ಟಿತ್ತು. ನನಗೆ ಖುಷಿಯೋ ಖುಷಿ. ಮೊಳಕೆ ಬರುವ ಕಾಳಿನ ಹಾಗೆ ಉಸಿರಾಡುವ ಕಾಳು ಇನ್ನೊಂದಿಲ್ಲ, ಇಪ್ಪತ್ತು ವರ್ಷ ಇದನ್ನೇ ಹೇಳಿದ್ದೇನೆ. ಅದು ನಾಲ್ಕು ತಿಂಗಳು ಮುಚ್ಚಿದ ಗುಂಡಿಯಲ್ಲಿ ಉಸಿರಾಡಿದೆ. ಅದು ಬಿಟ್ಟ ಗಾಳಿ ಭಾರ, ಬಾಯಿ ತೆರೆದಿಟ್ಟರೂ ಎದ್ದು ಹೋಗುವುದಿಲ್ಲ, ತಳ ಹಿಡಿದು ಕೂತಿರುತ್ತದೆ. ಎಲ್ಲ ಗೊತ್ತಿತ್ತು. ಗೊತ್ತಿದ್ದೂ ‘ಅಣ್ಣಾ, ಆ ಮೊಳಕಿ ಬಂದದ್ದ ಬೇಕು ನೋಡ್, ಬಾಜೂಕಿಂದು’ ಎಂದು ಬೆರಳು ತೋರಿಸಿದೆ.

‘ಸ್ವಾಂಟಕ್ಕ ಹಗ್ಗ ಕಟ್ಕೋಪಾ’ ಎಂದಳು ಅವ್ವ.

‘ಏನ್ ಬಾವಿ ಇಳ್ಯಾಕತ್ತೇನೇನಬೇ?’ ಎಂದು ನಕ್ಕು ಅಣ್ಣ ಗೂಡುಗಳಲ್ಲಿ ಕಾಲಿಟ್ಟು ಇಳಿದ.

ಕೆಳಗೆ ಹೋದವನು ‘ಬೆಚ್ಚಗ ಐತ್ಬೇ ಇಲ್ಲಿ’ ಎಂದ. ಬಗ್ಗಿ ಒಂದು ಬೊಗಸೆ ಕಾಳು ಎತ್ತಿದ. ಮತ್ತೆ ಬಗ್ಗಿದ. ಆಮೇಲೆ ದಣಿದವರು ಕೂರುವ ಹಾಗೆ ಕೂತ. ನಾನು ‘ಸಾಕ್ ಬಾ’ ಎಂದೆ. ಕತ್ತು ಎತ್ತಲಿಲ್ಲ. ಹಾಗೇ ಮಗ್ಗಲಿಗೆ ವಾಲಿದ.

ವೈನಿ ಒಂದು ಕೂಗು ಹಾಕಿ ಹಗೇವಿನ ಬಾಯಿಗೆ ಕಾಲು ಇಳಿಬಿಟ್ಟರು. ನಾನು ಹಿಂದಿನಿಂದ ಅವರ ನಡುವನ್ನು ತಬ್ಬಿ ಎಳೆದೆ. ನನ್ನ ಕೈ ಕಚ್ಚಿದರು, ಮುಖ ಪರಚಿದರು. ‘ಬಿಡ್ರಿ, ನನ್ನ ಬಿಡ್ರಿ, ಅವ್ರು ಹೋಗಾಕತ್ತಾರ’ ಎಂದು ಒದ್ದಾಡಿದರು. ನಾನು ಬಿಡಲಿಲ್ಲ. ಅಷ್ಟು ಹೊತ್ತಿಗೆ ನನಗೆ ಬುದ್ಧಿ ಬಂದಿತ್ತಲ್ಲ! ಆ ಗುಂಡಿಗೆ ಒಬ್ಬರ ಹಿಂದೆ ಒಬ್ಬರು ಇಳಿದು ಸಾಲಾಗಿ ಸಾಯುತ್ತಾರೆ ಎಂಬುದು ಆಗ, ಆಗ ನೆನಪಾಯಿತು. ಬಾಜೂ ಮನೆಯ ಕಾಕಾ ಓಡಿ ಬಂದರು. ಎಂಬತ್ತರ ಹತ್ತಿರದ ಮುದುಕ, ಹಗೇವು ತೆಗೆದು ಬೆಳೆದವರು. ಛತ್ರಿ ಬಿಚ್ಚಿ ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟು, ಮೇಲೆ ಕೆಳಗೆ ಜಗ್ಗುತ್ತ ಕೆಟ್ಟ ಗಾಳಿಯನ್ನು ಕದಡಿಸಿದರು. ಯಾರೋ ರಾಶಿ ತೂರುವ ಫ್ಯಾನು ತಂದು ಬಾಯಿಗೆ ಹಚ್ಚಿದರು. ಕೊನೆಗೆ ಒಬ್ಬ ಗಟ್ಟಿ ಆಳು ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಉಸಿರು ಕಟ್ಟಿ ಇಳಿದು, ಅಣ್ಣನ ಕಂಕುಳಿಗೆ ಇನ್ನೊಂದು ಹಗ್ಗ ಹಾಕಿ ಮೇಲೆ ಬಂದ. ಎಲ್ಲರೂ ಸೇರಿ ಎಳೆದರು. ಕಾಲು ಗಂಟೆ ಆಗಿರಬಹುದು, ಕಡಿಮೆ ಇರಬಹುದು, ಗಡಿಯಾರ ಯಾರು ನೋಡುತ್ತಾರೆ?

ಮೈ ಬೆಚ್ಚಗಿತ್ತು. ಎದೆಯ ಮೇಲೆ ಕಿವಿ ಇಟ್ಟೆ, ಬಡಿಯುತ್ತಿತ್ತು. ಟಂಟಂ ಗಾಡಿಯಲ್ಲಿ ಮೂಡಲಗಿಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಗೋಕಾಕಕ್ಕೆ ತಂದೆವು. ದಾರಿಯುದ್ದಕ್ಕೂ ವೈನಿ ‘ಎದಿ ಹೊಡ್ಕೊಳ್ಳಾಕತ್ತೈತಿ, ಅಂಜೂದೇನಿಲ್ಲ ಹೌದಿಲ್ರಿ?’ ಎಂದು ಕೇಳುತ್ತಿದ್ದರು. ನಾನು ‘ಹೌದ್ರಿ’ ಎನ್ನುತ್ತಿದ್ದೆ. ಸುಳ್ಳು ಎಂದು ಗೊತ್ತಿತ್ತು, ಸುಳ್ಳು ಆಗಬಾರದು ಎಂದೂ ಬೇಡಿಕೊಳ್ಳುತ್ತಿದ್ದೆ.

ಆಸ್ಪತ್ರೆಯಲ್ಲಿ ಒಂಬತ್ತು ದಿನ. ಬಾಯಿಗೆ ನಳಿಗೆ, ಪಕ್ಕದಲ್ಲಿ ಉಸಿರಾಡಿಸುವ ಯಂತ್ರ. ದಿನಕ್ಕೆ ಎರಡು ಸಲ ಒಳಗೆ ಬಿಡುತ್ತಿದ್ದರು. ನಾಲ್ಕನೆಯ ದಿನ ನೋಡಿದರೆ ಅಣ್ಣನ ಗಡ್ಡ ಬೆಳೆದಿತ್ತು. ‘ನೋಡ್ರಿ, ಗಡ್ಡ ಬಂದೈತಿ, ಅಂದ್ರ ಅವ್ರು ಅದಾರ’ ಎಂದರು ವೈನಿ. ಹೌದು, ಗಡ್ಡದ ಬೇರಿನ ಕೋಶಗಳು ಬದುಕಿದ್ದವು. ಕೈಯ ಸೂಜಿಯಿಂದ ಹೋಗುವ ಸಕ್ಕರೆಯ ನೀರು, ಯಂತ್ರ ತಳ್ಳುವ ಆಮ್ಲಜನಕ, ಎರಡನ್ನೂ ತೆಗೆದುಕೊಂಡು ಅವು ತಮ್ಮ ಪಾಡಿಗೆ ತಾವು ಕೂದಲು ನೂಲುತ್ತಿದ್ದವು. ಯಕೃತ್ತು, ಮೂತ್ರಪಿಂಡ, ಹೃದಯ, ಎಲ್ಲಕ್ಕೂ ಪೆಟ್ಟಾಗಿತ್ತು, ಆದರೂ ಚೇತರಿಸಿಕೊಂಡು ಕೆಲಸಕ್ಕೆ ಹತ್ತಿದ್ದವು. ಮಿದುಳು ಮಾತ್ರ ಕೆಲಸಕ್ಕೆ ಹತ್ತಿರಲಿಲ್ಲ.

ಇದನ್ನು ನಾನು ತರಗತಿಯಲ್ಲಿ ನಮ್ಮ ಅಡುಗೆಮನೆಯಿಂದಲೇ ಹೇಳುತ್ತಿದ್ದೆ. ಸ್ನಾಯು ಎಂದರೆ ಬುಟ್ಟಿ ತುಂಬ ಕಡಕ್ ರೊಟ್ಟಿ ಇಟ್ಟುಕೊಂಡ ಮನೆ. ಗಾಳಿ ಸಾಲದೆ ಒಲೆ ಸರಿಯಾಗಿ ಹತ್ತದಿದ್ದರೂ ಬುಟ್ಟಿಯದನ್ನು ತಿಂದು ಸ್ವಲ್ಪ ಹೊತ್ತು ತಳ್ಳುತ್ತದೆ, ಮೈ ನೋಯುತ್ತದೆ, ಅಷ್ಟೇ. ಮಿದುಳಿಗೆ ಬುಟ್ಟಿಯೇ ಇಲ್ಲ. ಅದಕ್ಕೆ ಹಂಚಿನಿಂದ ತೆಗೆದ ಬಿಸಿ ರೊಟ್ಟಿಯೇ ಬೇಕು, ಗಳಿಗೆ ಗಳಿಗೆಗೂ ಬೇಕು. ಮೈಟೊಕಾಂಡ್ರಿಯ ಮಾಡಿಕೊಡುವ ಎಟಿಪಿ ಎಂಬ ಆ ಬಿಸಿ ರೊಟ್ಟಿ ನಿಂತರೆ ಮಿದುಳಿನ ಕೋಶ ತನ್ನ ಗೋಡೆಯನ್ನೇ ಕಾಯಲಾರದು. ಹೊರಗೆ ತಳ್ಳಬೇಕಾದ ಉಪ್ಪು ಒಳಗೆ ನುಗ್ಗುತ್ತದೆ, ಅದರ ಹಿಂದೆ ನೀರು, ಕೋಶ ಊದಿ ಹೋಗುತ್ತದೆ. ಆಮೇಲೆ ಎಷ್ಟು ಆಮ್ಲಜನಕ ಕೊಟ್ಟರೂ ತೆಗೆದುಕೊಳ್ಳುವವರು ಇರುವುದಿಲ್ಲ. ಹುಡುಗಿಯರು ರೊಟ್ಟಿ ಎಂದ ಕೂಡಲೇ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಆ ಒಂಬತ್ತು ದಿನ ನಾನು ಕಾದದ್ದು ಅಣ್ಣ ಕಣ್ಣು ಬಿಡುವುದನ್ನು ಮಾತ್ರ ಅಲ್ಲ. ವೈನಿ ನನಗೆ ಬೈಯುವುದನ್ನು ಕಾದೆ. ಅವರು ಬೈಯಲಿಲ್ಲ. ನೋಡಲು ಬಂದವರ ಮುಂದೆಲ್ಲ ‘ಅಕ್ಕೋರು ಹಿಡ್ಕೊಳ್ಳಿಲ್ಲಂದ್ರ ನಾನೂ ಹೋಗ್ತಿದ್ನಿರಿ’ ಎನ್ನುತ್ತಿದ್ದರು. ಬಂದವರು ನನ್ನ ಕಡೆ ತಿರುಗಿ, ಕಲಿತವರಿದ್ದರೆ ಹೀಗೆ ಎಂದು ತಲೆಯಾಡಿಸುತ್ತಿದ್ದರು. ನನ್ನ ಕೈಯ ಮೇಲೆ ವೈನಿ ಕಚ್ಚಿದ ಗಾಯ ಕೀವು ತುಂಬಿತ್ತು. ಅದಕ್ಕೆ ಅವರೇ ಮುಲಾಮು ಹಚ್ಚಿದರು. ದೀಪದ ಸುದ್ದಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನನ್ನಂಥ ಬಾಯಿ ಬಡಕಿ, ಸಂತೆಯಲ್ಲಿ ತೂಕ ತಪ್ಪಿದರೆ ಇಡೀ ಪೇಟೆ ಕೇಳುವಂತೆ ಜಗಳ ತೆಗೆಯುವವಳು, ಆ ಒಂದು ಮಾತಿಗೆ ನಾಲಿಗೆ ಹೊರಳದೆ ಕೂತಿದ್ದೆ. ಹೇಡಿ, ಅಷ್ಟೇ.

ಒಂಬತ್ತನೆಯ ದಿನ ಡಾಕ್ಟರು ನನ್ನನ್ನು ಒಳಗೆ ಕರೆದರು. ‘ನೀವು ಬಯಾಲಜಿ ಲೆಕ್ಚರರ್ ಅಂತಲ್ರಿ ಮೇಡಂ, ನಿಮಗ ಹೇಳೂದು ಹಗುರ’ ಎಂದು ಶುರು ಮಾಡಿದರು. ಕಣ್ಣಿಗೆ ಬೆಳಕು ಬಿಟ್ಟರೆ ಪಾಪೆ ಕದಲುತ್ತಿಲ್ಲ, ಚುಚ್ಚಿದರೆ ಕೈಕಾಲು ಎಳೆದುಕೊಳ್ಳುತ್ತಿಲ್ಲ, ಯಂತ್ರ ಸಡಿಲಿಸಿದರೆ ಆಗೊಂದು ಈಗೊಂದು ಉಸಿರು ಇದೆ, ಅದು ನಿಲ್ಲುತ್ತದೆ ಎಂದರು. ಇಲ್ಲೇ ಇಟ್ಟುಕೊಳ್ಳುತ್ತೀರೋ, ಮನೆಗೆ ಒಯ್ಯುತ್ತೀರೋ, ಮನೆಯವರು ಕೂಡಿ ಹೇಳಿ ಎಂದರು.

ಹೊರಗೆ ಬಂದಾಗ ಮಧ್ಯಾಹ್ನ. ಹುಕ್ಕೇರಿಯಿಂದ ವೈನಿಯ ಅಣ್ಣ ಬಂದಿದ್ದರು. ಮಠದ ವಿಭೂತಿ ತಂದಿದ್ದರು. ‘ಕೊಲ್ಲಾಪೂರಕ್ಕ ಒಯ್ಯೂಣು, ಅಲ್ಲಿ ದೊಡ್ಡ ದವಾಖಾನಿ ಅದಾವ, ಗಾಡಿ ತಂದೇನಿ’ ಎಂದು ಒಂದೇ ಸಮನೆ ಹೇಳುತ್ತಿದ್ದರು. ಅವ್ವ ಗೋಡೆಗೆ ಒರಗಿ ಕೂತಿದ್ದಳು. ರೊಟ್ಟಿಯ ಮಾತೆತ್ತಿ ಮಗನನ್ನು ತಿಂದೆ ಎಂದು ದಿನಾ ಹಣೆ ಬಡಿದುಕೊಂಡು, ಆಕೆಯ ದನಿ ಬಿದ್ದುಹೋಗಿತ್ತು.

ವೈನಿ ಬೆಂಚಿನ ಮೇಲಿಂದ ಎದ್ದು ನನ್ನ ಎದುರು ಬಂದು ನಿಂತರು.

‘ಅವ್ರು ಏಳತಾರೇನ್ರಿ ಅಕ್ಕೋರ?’

ಅವರ ಅಣ್ಣ ಏನೋ ಹೇಳಲು ಬಂದರು, ವೈನಿ ಕೈ ಎತ್ತಿ ನಿಲ್ಲಿಸಿದರು.

‘ನಂಗ ಡಾಕ್ಟರು ಹೇಳಿದ್ದು ತಿಳ್ಯಾಂಗಿಲ್ರಿ. ನಮ್ಮಣ್ಣ ಆಸಿ ಮ್ಯಾಲ ಹೇಳತಾನ. ನೀವು ಕಲಿತವ್ರು. ನೀವ ಹೇಳ್ರಿ, ನೀವು ಹೇಳಿದಂಗ ಮಾಡತೇನಿ.’ ಆಮೇಲೆ ದನಿ ಏರಿಸದೆ ಅಂದರು: ‘ಈ ಸಲ ವಿಚಾರ ಮಾಡಿ ಹೇಳ್ರಿ.’

ಕಪಾಳಕ್ಕೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ‘ದೀಪ ಆರಿದ್ದು ಗಾಳೀಗಲ್ರಿ ವೈನಿ, ನಂಗ ತಿಳೀಬೇಕಿತ್ತು, ನಾನ ಕೊಂದೆ’ ಎಂದು ಅವರ ಕಾಲು ಹಿಡಿದು ಅತ್ತೆ. ಎಷ್ಟು ಹೊತ್ತೋ. ಅವರು ಕಾಲು ಕಿತ್ತುಕೊಳ್ಳಲಿಲ್ಲ. ‘ಅದು ನಂಗೂ ಗೊತ್ತೈತ್ರಿ’ ಎಂದರು. ‘ನನ್ನ ಕಣ್ಣಿಲೇ ನೋಡಿದ್ದೆ. ನೀವು ಅಂದ್ರೆಂತ ಸುಮ್ನಾದೆ. ಅದನ್ನ ಆಮ್ಯಾಲ ಅಳೂಣು. ಈಗ ಹೇಳ್ರಿ.’

ಆಗ ಹೇಳಿದೆ. ಏಳುವುದಿಲ್ಲ ಎಂದೆ. ಕೊಲ್ಲಾಪುರದಲ್ಲಿ ಇರುವುದೂ ಇದೇ ಯಂತ್ರ, ಅದು ಎದೆಗೆ ಗಾಳಿ ತುಂಬಬಲ್ಲದು, ಆ ಗಾಳಿಯನ್ನು ಉಣ್ಣಬೇಕಾದ ಮಿದುಳು ಸತ್ತುಹೋಗಿದೆ ಎಂದೆ. ಮನೆಗೆ ಒಯ್ದರೆ ಮಿದುಳಿನ ಬುಡದಲ್ಲಿ ಉಳಿದ ಚೂರು ಜೀವದಿಂದ ತಾನೇ ಉಸಿರಾಡಲು ನೋಡುತ್ತಾನೆ, ಒಂದು ದಿನ, ಹೆಚ್ಚೆಂದರೆ ಎರಡು ದಿನ, ಆಮೇಲೆ ನಿಲ್ಲುತ್ತದೆ, ಅವನಿಗೆ ನೋವು ಗೊತ್ತಾಗುವುದಿಲ್ಲ ಎಂದೆ. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ವೈನಿ ಪೂರ್ತಿ ಕೇಳಿದರು. ಕೇಳಿ, ತಮ್ಮ ಅಣ್ಣನ ಕಡೆ ತಿರುಗಿ, ಗಾಡಿಯನ್ನು ಮೂಡಲಗಿ ಕಡೆಗೆ ತಿರುಗಿಸಲು ಹೇಳಿದರು.

ಮನೆಯಲ್ಲಿ ಪಡಸಾಲೆಯಲ್ಲಿ ಮಲಗಿಸಿದೆವು. ವೈನಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಅವ್ವ ಅಂಗಾಲು ತಿಕ್ಕುತ್ತಿದ್ದಳು. ನಾನು ಎರಡು ಮೊಳ ದೂರದಲ್ಲಿ ಕೂತು ಅವನ ಎದೆ ಏರಿಳಿಯುವುದನ್ನು ನೋಡುತ್ತಿದ್ದೆ, ದೇವರೇ, ನಾನು ಹೇಳಿದ್ದು ತಪ್ಪಾಗಲಿ, ಜನ್ಮದಲ್ಲಿ ಇನ್ನೊಂದೇ ಒಂದು ಸಲ ನನ್ನ ಮಾತು ತಪ್ಪಾಗಲಿ ಎಂದು ಒಂದೇ ಸಮನೆ ಬೇಡುತ್ತಿದ್ದೆ. ಮರುದಿನ ಹೊತ್ತು ಏರುವಾಗ ಉಸಿರು ನಿಂತಿತು. ವೈನಿ ತಲೆ ಎತ್ತಿ ನನ್ನ ಮುಖ ನೋಡಿದರು. ‘ಖರೆ ಹೇಳಿದ್ರಿ’ ಎಂದರು.